ತಿಳಿಸಿ ಹೇಳಿದ್ದಕ್ಕೆ ಐದುನೂರು ರೂಪಾಯಿ

ನನ್ನ ಹೆಸರು ಮಹಾನಂದಾ. ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಎರಡು ಮಷಿನ್, ಒಂದು ಇಸ್ತ್ರಿ ಟೇಬಲ್, ಅಷ್ಟೇ. ಗೋಡೆಯ ಮೇಲೆ ದರ ಬರೆಸಿದ್ದೇನೆ: ಸಾದಾ ಬ್ಲೌಸಿಗೆ ಇಷ್ಟು, ಲೈನಿಂಗ್ ಹಾಕಿದ್ದಕ್ಕೆ ಇಷ್ಟು, ಸೀರೆಗೆ ಫಾಲ್ ಹಚ್ಚುವುದಕ್ಕೆ ಇಷ್ಟು. ಕಾರಿನಿಂದ ಇಳಿದು ಬಂದವರಿಗೂ ಅದೇ ದರ, ಸಂತೆಯ ಚೀಲ ಹೊತ್ತು ನಡೆದು ಬಂದವರಿಗೂ ಅದೇ ದರ. ಬಟ್ಟೆಗೆ ಕತ್ತರಿ ಹಾಕುವ ಮೊದಲು ದರವನ್ನು ಬಾಯಿಬಿಟ್ಟು ಹೇಳುತ್ತೇನೆ. ಕತ್ತರಿಸಿದ ಮೇಲೆ ಹೇಳಿದರೆ ಅದಕ್ಕೆ ದರ ಅನ್ನುವುದಿಲ್ಲ, ದಬ್ಬಾಳಿಕೆ ಅನ್ನುತ್ತಾರೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ನಾನು ಓದಿದ್ದೇ ಎಸ್ಸೆಸ್ಸೆಲ್ಸಿ.

ನನಗೆ ಕ್ಯಾನ್ಸರ್ ಆಗಿತ್ತು. ಈಗ ಇಲ್ಲ ಎನ್ನುತ್ತಾರೆ ಡಾಕ್ಟರರು, ಆರು ತಿಂಗಳಿಗೊಮ್ಮೆ ಹೋಗಿ ಅದನ್ನೇ ಹೇಳಿಸಿಕೊಂಡು ಬರುತ್ತೇನೆ. ರೋಗ ಏನು, ಹೇಗೆ ಬರುತ್ತದೆ ಎಂಬುದೆಲ್ಲ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ, ನಾನು ಅದನ್ನು ಬರೆಯುವುದಿಲ್ಲ. ರೋಗ ಇಳಿದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ನನಗೆ ಆಪರೇಷನ್ ಮಾಡಿದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಯಾವ ಊರಿನದು ಎಂದೂ ಕೇಳಬೇಡಿ. ನಿಮ್ಮೂರಿನದೇ ಎಂದುಕೊಂಡು ಓದಿದರೂ ನಡೆಯುತ್ತದೆ.

ಎಡ ಎದೆಯಲ್ಲಿ ಗಂಟು ಕೈಗೆ ಹತ್ತಿದ್ದು ನನ್ನದೇ ಬ್ಲೌಸಿನ ಅಳತೆ ತೆಗೆದುಕೊಳ್ಳುವಾಗ. ಕಡಲೆಕಾಳಿನಷ್ಟಿತ್ತು. ನೋವಿರಲಿಲ್ಲ. ದೀಪಾವಳಿಯ ಹೊಲಿಗೆ ಕೈತುಂಬ ಇತ್ತು, ಹಬ್ಬ ಮುಗಿಯಲಿ ಅಂದುಕೊಂಡೆ. ಹಬ್ಬ ಮುಗಿಯುತ್ತಲೇ ಲಗ್ನದ ಬಟ್ಟೆಗಳು ಬಂದವು, ಅವು ಮುಗಿಯಲಿ ಅಂದುಕೊಂಡೆ. ಹೀಗೆ ಮೂರು ತಿಂಗಳು ತಳ್ಳಿದೆ, ಆ ತಪ್ಪು ಪೂರ್ತಿ ನನ್ನದು. ಗಂಟು ಸಣ್ಣ ಲಿಂಬೆಹಣ್ಣಿನಷ್ಟಾದಾಗ ಮಗಳು ಪವಿತ್ರಾಳಿಗೆ ಹೇಳಿದೆ. ಅವಳು ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಳು. ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ, ಮನೆಯಲ್ಲಿ ನಾವಿಬ್ಬರೇ. ಅವಳು ನನ್ನನ್ನು ಒಂದು ಮಾತೂ ಕೇಳದೆ ಮಾವನಿಗೆ ಫೋನು ಹಚ್ಚಿದಳು.

ಮಾವ ಎಂದರೆ ನನ್ನ ಅಣ್ಣ ಅಡಿವೆಪ್ಪ. ಸಂಗೊಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ತವರು. ಕಬ್ಬು, ಸೋಯಾ, ಹಿಂಗಾರಿಗೆ ಕಡಲೆ ಬೆಳೆಯುವ ಗಟ್ಟಿ ಕುಳ. ಸಂತೆಯಲ್ಲಿ ಎರಡು ರೂಪಾಯಿಗೆ ಬದನೆಕಾಯಿಯವಳ ಜೊತೆ ಅರ್ಧ ತಾಸು ಚೌಕಾಸಿ ಮಾಡುತ್ತಾನೆ, ಎತ್ತಿನ ಪೇಟೆಯಲ್ಲಿ ಅವನ ಎದುರು ಯಾವ ದಲ್ಲಾಳಿಯೂ ನಿಲ್ಲುವುದಿಲ್ಲ. ಆದರೆ ಮಠದ ಅಯ್ಯನವರ ಮುಂದೆ, ಸಾಲೆಯ ಮಾಸ್ತರರ ಮುಂದೆ, ಡಾಕ್ಟರರ ಮುಂದೆ ರೊಕ್ಕದ ಮಾತು ಎತ್ತುವುದು ಅವನ ಲೆಕ್ಕದಲ್ಲಿ ಸಣ್ಣತನ. ಅಂಥವರಿಗೆ ಎಷ್ಟು ಎಂದು ಕೇಳಬಾರದು, ಕೊಟ್ಟು ಕೈಮುಗಿಯಬೇಕು. ನಮ್ಮಪ್ಪನೂ ಹಾಗೇ ಇದ್ದ, ನಮ್ಮ ಕಡೆಯ ಎಷ್ಟೋ ಮನೆತನಸ್ಥರು ಹಾಗೇ ಇದ್ದಾರೆ.

ಅವನು ಕರೆದೊಯ್ದ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಒಂದು ಫೀ, ಫೈಲಿಗೆ ಇನ್ನೊಂದು. ಆ ಫೈಲು ನಮ್ಮೂರ ಸ್ಟೇಷನರಿ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಗುವ ರಟ್ಟು, ಮೇಲೆ ಆಸ್ಪತ್ರೆಯ ಹೆಸರು ಅಚ್ಚಾಗಿದೆ ಎಂದು ಐವತ್ತು. ನಮ್ಮ ಮುಂದೆ ಮೂವತ್ತು ಜನ ಕೂತಿದ್ದರು. ಕೌಂಟರಿನ ಹುಡುಗಿ ಅಣ್ಣನ ಬಿಳಿ ಪಂಚೆ, ಗಾಂಧಿ ಟೊಪ್ಪಿಗೆ ನೋಡಿ, “ಕಾಕಾ, ಅರ್ಜೆಂಟ್ ಫೀ ಕಟ್ಟಿದ್ರ ಈಗ ಬಿಡತೇವ್ರಿ” ಅಂದಳು. ಡಬಲ್ ಫೀ. ಅಣ್ಣ ಕಟ್ಟಿದ. ಬೆಳಿಗ್ಗೆ ಏಳಕ್ಕೆ ಸವದತ್ತಿ ಕಡೆಯಿಂದ ಬಂದು ಕೂತಿದ್ದ ಹೆಂಗಸೊಬ್ಬಳು, ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ನಾನು ಒಳಗೆ ಹೋಗುವುದನ್ನು ನೋಡಿದಳು. ನಾಚಿಕೆಯಾಯಿತು ನನಗೆ, ಆದರೂ ಒಳಗೆ ಹೋದೆ.

ಡಾಕ್ಟರರು ಒತ್ತಿ ನೋಡಿದರು, ಸ್ಕ್ಯಾನಿಂಗ್ ಮಾಡಿಸಿದರು. “ಸಾದಾ ಗಂಟ ಇದ್ದಂಗ ಕಾಣತೈತಿ. ತಗದ ಬಿಡೂಣ್ರಿ. ಎರಡು ದಿನದ ಕೆಲಸ” ಅಂದರು. ಹೊರಗೆ ಬಂದಾಗ ಕೌಂಟರಿನ ಹುಡುಗಿ ಮತ್ತೆ ಕೇಳಿದಳು: “ಜನರಲ್ ವಾರ್ಡೋ, ಸ್ಪೆಷಲ್ ರೂಮೋ?”

ನಾನು ಜನರಲ್ ಅನ್ನಲು ಬಾಯಿ ತೆರೆದೆ. ಅಣ್ಣ ಅಡ್ಡಬಂದ. “ಸ್ಪೆಷಲ್ ಕೊಡ್ರಿ. ನಾಳೆ ಬೀಗರು ಬರತಾರ, ನಾಕ ಮಂದಿ ನೋಡಾಕ ಬರತಾರ. ರೊಕ್ಕದ ಮಾತ ಬ್ಯಾಡ, ನನ್ನ ತಂಗೀನ ಆರಾಮ ಮಾಡಿ ಕೊಡ್ರಿ.”

ಆ ಮಾತು ಅವನ ಬಾಯಿಂದ ಬಿದ್ದದ್ದೇ ತಡ, ಹುಡುಗಿ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಏನು ಒತ್ತಿದಳೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಬಿಲ್ಲನ್ನು ಸಾಲು ಸಾಲಾಗಿ ಓದಿಸಿದಾಗ. ಸ್ಪೆಷಲ್ ರೂಮಿಗೆ ಬರೀ ಬಾಡಿಗೆ ಹೆಚ್ಚಲ್ಲ. ಆ ರೂಮಿನಲ್ಲಿ ಮಲಗಿದವರಿಗೆ ಆಪರೇಷನ್ ಫೀ ಹೆಚ್ಚು, ಮೂರ್ಛೆ ಕೊಡುವ ಡಾಕ್ಟರರ ಫೀ ಹೆಚ್ಚು, ಡ್ರೆಸ್ಸಿಂಗಿಗೆ ಹೆಚ್ಚು, ಇಂಜೆಕ್ಷನ್ ಚುಚ್ಚುವುದಕ್ಕೂ ಹೆಚ್ಚು. ಅದೇ ಡಾಕ್ಟರು, ಅದೇ ಥಿಯೇಟರು, ಅದೇ ಚಾಕು. ಕೆಳಗಿನ ವಾರ್ಡಿನಲ್ಲಿ ಮಲಗಿದ್ದರೆ ನನ್ನ ಎದೆ ಕೊಯ್ಯುವುದಕ್ಕೆ ಒಂದು ದರ, ಮೇಲಿನ ರೂಮಿನಲ್ಲಿ ಮಲಗಿದರೆ ಒಂದೂವರೆ ಪಟ್ಟು. ನಾನು ಹೀಗೆ ಮಾಡಿದರೆ, ಅಂದರೆ ತಗಡಿನ ಮನೆಯವಳ ಬ್ಲೌಸಿಗೆ ನೂರೈವತ್ತು, ಸ್ಲ್ಯಾಬಿನ ಮನೆಯವಳ ಬ್ಲೌಸಿಗೆ ಇನ್ನೂರೈವತ್ತು ಅಂದರೆ, ನನ್ನ ಅಂಗಡಿಯ ಮುಂದೆ ಹೆಂಗಸರು ಚಪ್ಪಲಿ ಹಿಡಿದು ನಿಲ್ಲುತ್ತಾರೆ. ಆಸ್ಪತ್ರೆಯವರ ಮುಂದೆ ಯಾರೂ ನಿಲ್ಲುವುದಿಲ್ಲ, ಎಲ್ಲರೂ ಮಲಗಿರುತ್ತಾರಲ್ಲ.

ಆಪರೇಷನ್ನಿನ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಸ್ಟ್ರೆಚರಿನಲ್ಲಿ ಹಾಕಿದರು. ಅದನ್ನು ತಳ್ಳುವವನಿಗೆ ಅಣ್ಣ ನೂರು ರೂಪಾಯಿ ಕೊಟ್ಟ. ಅವನು ಕೇಳಿದ್ದ. “ಖುಷಿಲೆ ಏನಾರ ಕೊಡ್ರಿ” ಅಂದಿದ್ದ. ಖುಷಿ ಯಾರಿಗೆ ಇತ್ತೋ. ಥಿಯೇಟರಿನ ಬಾಗಿಲ ಹತ್ತಿರ ಕೌಂಟರಿನ ಹುಡುಗಿ ಓಡಿ ಬಂದು, “ಕಾಕಾ, ಅಡ್ವಾನ್ಸ್ ಇನ್ನಾ ಹತ್ತು ಸಾವಿರ ಕಟ್ಟೂದೈತಿ, ಸ್ಕ್ಯಾನರ್ ಅಲ್ಲೇ ಐತ್ರಿ” ಅಂದಳು. ನಾನು ಸ್ಟ್ರೆಚರಿನ ಮೇಲೆ ಚಾವಣಿ ನೋಡುತ್ತ ಮಲಗಿದ್ದೆ. ಅಣ್ಣನಿಗೆ ಮೊಬೈಲಿನಲ್ಲಿ ಹಣ ಹಾಕಲು ಬರುವುದಿಲ್ಲ, ಪವಿತ್ರಾ ಹಾಕುವವರೆಗೆ ಸ್ಟ್ರೆಚರು ಅಲ್ಲೇ ನಿಂತಿತ್ತು. ಜೀವನದಲ್ಲಿ ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ. ಆ ಹೆದರಿಕೆಯ ನಡುವೆಯೇ ಒಬ್ಬ ನರ್ಸ್ ಅಣ್ಣನ ಕೈಗೆ ಕಾಗದದ ಕಂತೆ ಕೊಟ್ಟು, “ಇಲ್ಲಿ, ಇಲ್ಲಿ, ಮತ್ತ ಇಲ್ಲಿ ಸಹಿ ಮಾಡ್ರಿ, ಲಗೂ ಮಾಡ್ರಿ” ಎನ್ನುವುದು ಕೇಳಿಸಿತು. ಅಣ್ಣ ಮೂರೂ ಕಡೆ ಮಾಡಿದ.

ಆಪರೇಷನ್ ಆಯಿತು. ಎರಡನೆಯ ದಿನ ಮನೆಗೆ ಬಿಡುತ್ತೇವೆ ಅಂದರು. ಬಟ್ಟೆ ಉಟ್ಟು, ಚೀಲ ಕಟ್ಟಿಕೊಂಡು ಹತ್ತು ಗಂಟೆಯಿಂದ ಮಂಚದ ಮೇಲೆ ಕೂತಿದ್ದೆ. ಸಲೈನಿನ ಸೂಜಿ ಮಾತ್ರ ಇನ್ನೂ ಕೈಯಲ್ಲೇ ಇತ್ತು. ಮುಂಗೈ ಬಾತಿತ್ತು, ಉರಿಯುತ್ತಿತ್ತು. ತೆಗೆಯಿರಿ ಎಂದು ನರ್ಸ್‌ಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಆಕೆ ನೆಲ ನೋಡುತ್ತ, “ಬಿಲ್ ಕ್ಲಿಯರ್ ಆಗೂತನಕ ತಗೀಬಾರದಂತ ಐತ್ರಿ ಅಕ್ಕಾರ. ನನ್ನ ಕೈಯಾಗ ಏನಿಲ್ಲ” ಅಂದಳು. ಎಮ್ಮೆಗೆ ಹಗ್ಗ ಕಟ್ಟಿದ ಹಾಗೆ ನನ್ನ ಕೈಯಲ್ಲಿ ಸೂಜಿ ಬಿಟ್ಟಿದ್ದರು. ಬಿಲ್ಲು ಕಟ್ಟಿ ಬಂದಾಗ ಮಧ್ಯಾಹ್ನ ಎರಡೂವರೆ. ಚೀಟಿ ನೋಡಿದ ಮೇಲೆ ಸೂಜಿ ತೆಗೆದರು. ತೆಗೆಯಲು ಹಿಡಿದದ್ದು ಅರ್ಧ ನಿಮಿಷ.

ಆಪರೇಷನ್ ಆಗಿ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಲು ಹೋದೆವು. ಅದಕ್ಕೆ ಮುನ್ನೂರು. ನಾನೂ ಹೊಲಿಗೆ ಬಿಚ್ಚುವವಳೇ, ಆದರೆ ನಾನೇ ಹಾಕಿದ ಹೊಲಿಗೆ ಬಿಚ್ಚಲು ಯಾರಿಂದಲೂ ಒಂದು ಪೈಸೆ ತೆಗೆದುಕೊಂಡವಳಲ್ಲ. ಹೋಗಲಿ ಎಂದು ಸುಮ್ಮನಿದ್ದೆ. ಡಾಕ್ಟರರು ಗಾಯ ನೋಡಿ, ಚಲೋ ಮಾಯ್ದಿದೆ ಅಂದರು. ಆಮೇಲೆ ಅಣ್ಣನ ಕಡೆ ಕೈ ಚಾಚಿದರು.

“ರಿಪೋರ್ಟ್ ಕೊಡ್ರಿ.”

“ಯಾವ ರಿಪೋರ್ಟ್ ರೀ ಸಾಹೇಬ್ರ?”

“ಗಂಟಿಂದು. ಪರೀಕ್ಷಾಕ ಡಬ್ಬಿ ಕೊಟ್ಟಿದ್ದರಲ್ಲ, ಲ್ಯಾಬಿಗೆ ಒಯ್ಯಾಕ. ಕೊಟ್ಟಿಲ್ಲೇನ ನಿಮಗ?”

ಅಣ್ಣನ ಮುಖದ ಬಣ್ಣ ಹೋಯಿತು. “ಕೊಟ್ಟಿದ್ರು” ಅಂದ. ಟೊಪ್ಪಿಗೆ ಸರಿಮಾಡಿಕೊಂಡು, “ಅದನ್ನ ಮಣ್ಣ ಮಾಡೇನ್ರಿ” ಅಂದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅದಕ್ಕೆ ಮಣ್ಣು ಮಾಡುವುದು ಅನ್ನುತ್ತೇವೆ. ನನ್ನ ಮೈಯಿಂದ ತೆಗೆದ ಗಂಟನ್ನು ನನ್ನ ಅಣ್ಣ ಮಣ್ಣು ಮಾಡಿದ್ದ.

ನಾನು ಥಿಯೇಟರಿನಿಂದ ಹೊರಬಂದು ಮಂಪರಿನಲ್ಲಿದ್ದಾಗ ಆಳು ಒಬ್ಬ ಕರೀ ಕ್ಯಾರಿಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು, “ಇದು ನಿಮ್ಮ ಪೇಷಂಟಿಂದು, ತಗೊಂಡ ಹೋಗ್ರಿ” ಎಂದು ಅಣ್ಣನ ಕೈಗಿಟ್ಟನಂತೆ, ಕೊಟ್ಟದ್ದಕ್ಕೆ ಐವತ್ತು ರೂಪಾಯಿ ಇಸಕೊಂಡು ಹೋದನಂತೆ. ಎಲ್ಲಿಗೆ ಒಯ್ಯಬೇಕು, ಯಾಕೆ ಒಯ್ಯಬೇಕು ಎಂದು ಅವನೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ. ಅಣ್ಣ ಚೀಲದೊಳಗೆ ಇಣುಕಿ ನೋಡಿದ. ನೀರಿನಲ್ಲಿ ಮಾಂಸದ ತುಂಡು. ತಂಗಿಯ ಮೈಯ ಭಾಗ. ಅದನ್ನು ಕಸದ ಬುಟ್ಟಿಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಹಾಕಿದರೆ ನಾಯಿ ಎಳೆದಾಡಿಯಾವು ಎಂದು ಅವತ್ತೇ ಸಂಜೆ ಬೈಕಿನಲ್ಲಿ ಊರಿಗೆ ಒಯ್ದ. ಹೊಲದಲ್ಲಿ ಅವ್ವನ ಸಮಾಧಿಯ ಮಗ್ಗುಲಲ್ಲಿ ತಗ್ಗು ತೆಗೆದು, ವಿಭೂತಿ ಹಚ್ಚಿ, ಪತ್ರಿ ಇಟ್ಟು, ಕೈಮುಗಿದು ಮಣ್ಣು ಮುಚ್ಚಿದ. ನನಗೆ ಕೆಟ್ಟದೆನಿಸೀತು ಎಂದು ಹೇಳಿರಲಿಲ್ಲ.

ಡಾಕ್ಟರರು ನಕ್ಕರು. ನಿಜವಾಗಿ ನಕ್ಕರು. “ಏನ್ ಮಂದೀರಿ ನೀವು! ಇರಲಿ ಬಿಡ್ರಿ, ನೋಡಾಕ ಸಾದಾ ಗಂಟ ಇದ್ದಂಗ ಇತ್ತು. ಮೂರು ತಿಂಗಳ ಬಿಟ್ಟು ಇನ್ನೊಂದು ಸ್ಕ್ಯಾನಿಂಗ್ ಮಾಡಿಸಿ ನೋಡೂಣು” ಅಂದು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅಣ್ಣ ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಅರವತ್ತು ವರ್ಷದ ಗಂಡಸು, ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. “ಒಂದ ಮಾತ ನನ್ನ ಕೇಳಾಕ ಏನಾಗಿತ್ತೋ ನಿನಗ? ಬಾಯಿ ಇರಲಿಲ್ಲ?” ಎಂದು ಎಲ್ಲರೆದುರು ಒದರಿದೆ. ಆದರೆ ಅದಕ್ಕಿಂತ ಹೆಚ್ಚಿನ ಸಿಟ್ಟು ಆ ನಗುವಿನ ಮೇಲೆ ಬಂದಿತ್ತು.

ಮನೆಯಲ್ಲಿ ಪವಿತ್ರಾ ಕೇಳಿಸಿಕೊಂಡು ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ತಟ್ಟನೆ ಎದ್ದಳು. “ಮಾಮಾ, ತುಂಡ ತಗದು ಹೂತಿಯೋ, ಡಬ್ಬಿ ಸಮೇತ ಹೂತಿಯೋ?”

“ಡಬ್ಬಿ ಸಮೇತ ಅವ್ವಿ. ಮುಚ್ಚಳ ತಗ್ಯಾಕ ನನಗ ಧೈರ್ಯ ಆಗಲಿಲ್ಲ.”

“ಹಂಗಾರ ಅದು ಕೆಟ್ಟಿರಾಕಿಲ್ಲ. ಅದು ಬರೇ ನೀರಲ್ಲ. ನಮ್ಮ ಕಾಲೇಜ್ ಲ್ಯಾಬಿನಾಗ ಕಪ್ಪಿ ಅಂಥಾ ನೀರಿನಾಗ ವರ್ಷಗಟ್ಟಲೆ ಇರತೈತಿ.”

ಮರುದಿನ ಬೆಳಿಗ್ಗೆ ಮೂವರೂ ಹೊಲಕ್ಕೆ ಹೋದೆವು. ನಮ್ಮದು ಎರೆಮಣ್ಣು, ಹಸಿ ಇದ್ದಾಗ ಹಿಟ್ಟಿನಂತೆ ಅಂಟುತ್ತದೆ. ಅಣ್ಣ ಸಲಿಕೆಯಿಂದ ಮೇಲಿನ ಮಣ್ಣು ಸರಿಸಿ, ಡಬ್ಬಿ ಒಡೆದೀತೆಂದು ಮುಂದೆ ಕೈಯಿಂದಲೇ ಕೆದರಿದ. ಕೆದರುವಾಗ ಅವ್ವನ ಸಮಾಧಿಯ ಕಡೆ ತಿರುಗಿ, “ತಪ್ಪ ತಿಳಕೋಬ್ಯಾಡವಾ, ಕೊಟ್ಟದ್ದ ತಿರುಗಿ ತಗೋಳಾಕತ್ತೇನಿ” ಅಂದ. ನಾನು ಬದುವಿನ ಮೇಲೆ ಕೂತಿದ್ದೆ. ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು, ನೀರು ಚೆಲ್ಲಿರಲಿಲ್ಲ, ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರಿನ ಅರ್ಧ ಅಳಿಸಿತ್ತು. ಅಣ್ಣ ಅದನ್ನು ಟಾವೆಲ್ಲಿನಿಂದ ಒರೆಸಿ ಒರೆಸಿ ನನ್ನ ಕೈಗೆ ಕೊಡಲು ಬಂದ. ನಾನು ಹಿಡಿಯಲಿಲ್ಲ. ನನ್ನದೇ ಮೈಯ ತುಂಡು, ನೋಡಲು ನನಗೇ ಆಗಲಿಲ್ಲ.

ಡಬ್ಬಿಯನ್ನು ಟಾವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅಣ್ಣ ಅವತ್ತೇ ಬಸ್ಸಿನಲ್ಲಿ ಧಾರವಾಡದವರೆಗೆ ಕೂತ. ಪಕ್ಕದವರು ಏನದು ಎಂದು ಕೇಳಿದ್ದಕ್ಕೆ “ಉಪ್ಪಿನಕಾಯಿ” ಅಂದ. ಅಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅಲ್ಲಿ ಇಂಥ ಗಂಟು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕನ್ನಡಕ ಹಾಕಿದ ವಯಸ್ಸಾದವರೊಬ್ಬರು ಇದ್ದರು. ನನ್ನ ಡಿಸ್ಚಾರ್ಜ್ ಕಾರ್ಡು ನೋಡಿದರು, ಡಬ್ಬಿಯನ್ನು ಬೆಳಕಿಗೆ ಹಿಡಿದರು. “ಹನ್ನೊಂದು ದಿನ ಆತಲ್ರಿ. ಎಲ್ಲಿ ಇಟ್ಟಿದ್ರಿ?”

“ಹೊಲದಾಗ್ರಿ” ಅಂದ ಅಣ್ಣ, ತಲೆ ತಗ್ಗಿಸಿ.

ಅವರಿಗೆ ಏನು ಅರ್ಥವಾಯಿತೋ, ಪವಿತ್ರಾಳ ಮುಖ ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ. “ತಂಪ ಜಾಗಾ ನೋಡಿ ಇಟ್ಟೀರಿ, ಚಲೋ ಆತು. ಪರೀಕ್ಷಾ ಮಾಡಾಕ ಬರತೈತಿ. ಕುಂಡ್ರಿ ಯಜಮಾನ್ರ, ನೀರ ಕುಡೀರಿ” ಅಂದರು. ಆಮೇಲೆ, ಏನೂ ಮಾಡುವ ಮೊದಲು, “ಇದಕ್ಕ ಒಂಬೈನೂರು ಆಕ್ಕೈತಿ. ಇದರಾಗ ಏನಾರ ಬಂದ್ರ ಇನ್ನೊಂದು ಪರೀಕ್ಷಾ ಬೇಕಾಕ್ಕೈತಿ, ಅದರ ರೊಕ್ಕ ಬ್ಯಾರೆ, ಅವಾಗ ಹೇಳತೇನಿ. ನಡೀತೈತಿಲ್ರಿ?” ಎಂದು ಕೇಳಿದರು. ನಡೀತೈತಿಲ್ರಿ ಎಂದು ಆವರೆಗೆ ನಮ್ಮನ್ನು ಯಾರೂ ಕೇಳಿರಲಿಲ್ಲ. ನನಗೆ ಅಳು ಬಂದದ್ದು ಆಗ. ಒಂಬೈನೂರು ರೂಪಾಯಿ ಆ ಸ್ಪೆಷಲ್ ರೂಮಿನ ಒಂದು ದಿನದ ಬಾಡಿಗೆಗಿಂತ ಕಡಿಮೆ. ನನ್ನ ಜೀವ ನಿಂತಿದ್ದು ಈ ಒಂದು ಪರೀಕ್ಷೆಯ ಮೇಲೆ, ಅದೊಂದು ಬಿಟ್ಟು ಉಳಿದದ್ದಕ್ಕೆಲ್ಲ ಆಸ್ಪತ್ರೆಯವರು ಹಣ ತೆಗೆದುಕೊಂಡಿದ್ದರು.

ರಿಪೋರ್ಟಿಗೆ ಒಂದು ವಾರ ಬೇಕಿತ್ತು. ಆ ವಾರ ಅಣ್ಣ ದಿನಾ ಬೆಳಿಗ್ಗೆ ಊರಿನಿಂದ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಚಹಾ ಕೊಟ್ಟರೆ ಆರಿಸಿ ಇಡುತ್ತಿದ್ದ. ಗಿರಾಕಿ ಹೆಂಗಸರು ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. “ಮನಿಗೆ ಹೋಗೋ ಮಾರಾಯ, ನನ್ನ ಧಂದೆ ಹಾಳ ಮಾಡಬ್ಯಾಡ” ಎಂದರೂ ಹೋಗುತ್ತಿರಲಿಲ್ಲ. ನಾನು ಮಷಿನ್ ತುಳಿಯುತ್ತಿದ್ದೆ. ಸುಮ್ಮನೆ ಕೂತರೆ ಪವಿತ್ರಾಳ ಮುಂದಿನ ವರ್ಷಗಳೆಲ್ಲ ಕಣ್ಣೆದುರು ಬರುತ್ತಿದ್ದವು, ನಾನಿಲ್ಲದೆ.

ಕ್ಯಾನ್ಸರ್ ಎಂದೇ ಬಂತು. ಸಾದಾ ಗಂಟು ಎಂದು ಗಂಟಿಗೆ ತೀರಾ ಹತ್ತಿರವೇ ಕೊಯ್ದಿದ್ದರಿಂದ ಅಂಚಿನಲ್ಲಿ ಇನ್ನೂ ಉಳಿದಿದೆ, ಮತ್ತೊಂದು ಆಪರೇಷನ್ ಆಗಬೇಕು ಎಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು. ಅಲ್ಲಿಯ ಡಾಕ್ಟರಮ್ಮ ರಿಪೋರ್ಟು ಎರಡು ಸಲ ಓದಿ, “ಇದನ್ನು ಪರೀಕ್ಷೆ ಮಾಡಿಸದೆ ಮೂರು ತಿಂಗಳು ಬಿಟ್ಟಿದ್ದರೆ ನಾವು ಮಾತಾಡುವ ರೀತಿಯೇ ಬೇರೆ ಇರುತ್ತಿತ್ತು” ಅಂದರು. ಅಣ್ಣ ಆಕೆಯ ಮಾತಿನಲ್ಲಿ ತನ್ನ ತಪ್ಪನ್ನಷ್ಟೇ ಕೇಳಿಸಿಕೊಂಡ. ನಾನು ಆ ನಗು ಕೇಳಿಸಿಕೊಂಡೆ.

ಎದೆ ತೆಗೆದರು. ಆರು ಸಲ ಕೀಮೋ, ಆಮೇಲೆ ಕರೆಂಟು ಕೊಡುವುದು, ಅಂದರೆ ರೇಡಿಯೇಷನ್. ಸರ್ಕಾರದ ಕಾರ್ಡಿನ ಮೇಲೆ ಹೆಚ್ಚಿನದೆಲ್ಲ ಆಯಿತು. ಆದರೂ ಕಾರ್ಡಿಗೆ ಬಾರದ್ದು ಎಂದು ಏನೇನೋ ಇರುತ್ತಿತ್ತು, ಚಕ್ರದ ಕುರ್ಚಿ ತಳ್ಳುವವನ ಖುಷಿ ಅಲ್ಲಿಯೂ ಇತ್ತು. ನನ್ನ ಪಕ್ಕದ ಮಂಚದಲ್ಲಿ ರಾಮದುರ್ಗದ ಶಂಕ್ರವ್ವ ಇದ್ದಳು, ಬಳೆ ಮಾರುವಾಕೆ, ನನಗಿಂತ ಮೂರು ಕೀಮೋ ಮುಂದೆ. ತಲೆಯಲ್ಲಿ ಒಂದು ಕೂದಲಿರಲಿಲ್ಲ, ಬಾಯಿ ಮಾತ್ರ ಜೋರು. ಯಾರು ಏನು ತಂದರೂ, ಗುಳಿಗೆಯಾಗಲಿ ಕಾಗದವಾಗಲಿ, “ಇದ ಯಾತಕ್ಕ? ಇದಕ್ಕ ಎಷ್ಟ?” ಎಂದು ಕೇಳಿಯೇ ಕೈ ಚಾಚುತ್ತಿದ್ದಳು. ನರ್ಸ್‌ಗಳು ಮೊದಲು ಬೇಸರ ಮಾಡಿಕೊಂಡರಂತೆ, ನಾನು ಹೋಗುವ ಹೊತ್ತಿಗೆ ಆಕೆ ಕೇಳುವ ಮೊದಲೇ ಹೇಳುವ ರೂಢಿಯಾಗಿತ್ತು. “ಕೇಳಿದ್ರ ಬೈತಾರಂತ ಅಂಜತಿ? ಬೈದ್ರ ಬೈಲಿ. ಬೈಗಳಕ್ಕ ಫೀ ಇಲ್ಲ” ಅನ್ನುತ್ತಿದ್ದಳು ನನಗೆ. ಆಕೆಯನ್ನು ನೋಡಿ ನಾನೂ ಕೇಳಲು ಕಲಿತೆ. ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುತ್ತಿದ್ದ ಅಣ್ಣನೂ ಎಲ್ಲ ನೋಡುತ್ತಿದ್ದ.

ಅಲ್ಲೇ ಒಬ್ಬ ಆಯಾ ಇದ್ದಳು. ನನ್ನ ಕೂದಲು ಕೈಗೆ ಕೈಗೆ ಬರತೊಡಗಿದ ದಿನ, ತಲೆ ಬೋಳಿಸಿಕೊಳ್ಳುವುದೇ ಮೇಲು ಎಂದು ತಾನೇ ಕತ್ತರಿ ತಂದು ಸಣ್ಣಗೆ ಕತ್ತರಿಸಿ, ಬಿದ್ದ ಕೂದಲನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಪೇಪರಿನಲ್ಲಿ ಸುತ್ತಿ ಒಯ್ದಳು. ನೂರರ ನೋಟು ಕೊಡಲು ಹೋದರೆ ನನ್ನ ಮುಷ್ಟಿ ಮುಚ್ಚಿ, “ಇದಕ್ಕ ತಗೊಂಡ್ರ ನನ್ನ ಕೈಗೆ ಹುಳ ಬೀಳತಾವ ತಂಗಿ” ಅಂದಳು. ಅದಕ್ಕೇ ಆಸ್ಪತ್ರೆಯವರೆಲ್ಲ ಹಾಗೇ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಕರೆಂಟು ಕೊಡುವುದು ಮುಗಿಯುವ ಹೊತ್ತಿಗೆ ಪವಿತ್ರಾ ನನ್ನ ಕಾಗದಪತ್ರವನ್ನೆಲ್ಲ ಜೋಡಿಸಿ ಇಡುತ್ತಿದ್ದಳು. ಮೊದಲ ಆಸ್ಪತ್ರೆಯ ಬಿಲ್ಲನ್ನು ಅವತ್ತಿನವರೆಗೆ ಯಾರೂ ಸಾಲು ಸಾಲಾಗಿ ಓದಿರಲಿಲ್ಲ, ಕೊನೆಯ ಮೊತ್ತ ನೋಡಿ ಕಟ್ಟಿದ್ದೆವು. ಅವಳು ಓದುತ್ತ ಓದುತ್ತ ನಿಂತಳು. “ಅವ್ವಾ, ಇಲ್ಲಿ ಕೌನ್ಸೆಲಿಂಗ್ ಚಾರ್ಜ್ ಅಂತ ಐದುನೂರು ಹಾಕ್ಯಾರ.”

“ಹಂಗಂದ್ರ?”

“ಪೇಷಂಟಿನ ಮಂದೀಗೆ ಕುಂದ್ರಿಸಿ ತಿಳಿಸಿ ಹೇಳಿದ್ದಕ್ಕ.”

ಬಿಲ್ಲಿನ ಹಿಂದೆ ಥಿಯೇಟರಿನ ಬಾಗಿಲಲ್ಲಿ ಅಣ್ಣ ಸಹಿ ಮಾಡಿದ ಕಾಗದಗಳ ಜೆರಾಕ್ಸ್ ಇತ್ತು. ಮೂರೂ ಇಂಗ್ಲಿಷಿನಲ್ಲಿದ್ದವು. ಪವಿತ್ರಾ ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದಳು. ತೆಗೆದ ಗಂಟನ್ನು ಪರೀಕ್ಷೆಗೆ ಒಯ್ಯುವ ಹೊಣೆ ನನ್ನದು. ಒಯ್ಯದಿದ್ದರೆ ಆಸ್ಪತ್ರೆ ಜವಾಬ್ದಾರಿಯಲ್ಲ. ಕೆಳಗೆ, ಅಣ್ಣನ ಸಹಿಯ ಸರೀ ಮೇಲೆ: ಇದನ್ನೆಲ್ಲ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಹೇಳಿದ್ದಾರೆ.

ತಿಳಿಯುವ ಭಾಷೆಯಲ್ಲಿ ಹೇಳಿದ್ದಾರೆ ಎಂಬುದನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದರು. ಹೇಳದೇ ಇದ್ದದ್ದಕ್ಕೆ ಐದುನೂರು ತೆಗೆದುಕೊಂಡಿದ್ದರು. ಅಷ್ಟು ತಿಂಗಳು ಅಣ್ಣ ತನ್ನ ತಪ್ಪು, ತನ್ನ ತಪ್ಪು ಎಂದು ಕೊರಗಿ ಅರ್ಧ ಆಗಿದ್ದ. ಹೊಲಕ್ಕೆ ಹೋದರೆ ಅವ್ವನ ಸಮಾಧಿಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ ಎಂದು ಅತ್ತಿಗೆ ಹೇಳಿದ್ದಳು. ತಲೆಗೆ ಸೆರಗು ಸುತ್ತಿಕೊಂಡು, ಅಣ್ಣನನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋದೆ.

ಅರ್ಜೆಂಟ್ ಫೀ ಕಟ್ಟಲಿಲ್ಲ. ನಮ್ಮ ಸರದಿಯವರೆಗೆ ಎರಡೂವರೆ ತಾಸು ಬೆಂಚಿನ ಮೇಲೆ ಕೂತೆವು. ಒಳಗೆ ಹೋಗಿ ರಿಪೋರ್ಟು, ಬಿಲ್ಲು, ಸಹಿ ಮಾಡಿದ ಕಾಗದ ಮೂರನ್ನೂ ಟೇಬಲ್ಲಿನ ಮೇಲೆ ಇಟ್ಟೆ. “ಸಾದಾ ಗಂಟ ಅಂದಿದ್ರಿ. ಇದ ನೋಡ್ರಿ. ಮತ್ತ ಈ ಐದುನೂರು ಯಾತಕ್ಕ ತಗೊಂಡೀರಿ ಹೇಳ್ರಿ” ಅಂದೆ.

ಡಾಕ್ಟರರು ರಿಪೋರ್ಟು ಓದಿದರು. ಈ ಸಲ ನಗಲಿಲ್ಲ. “ಸಿಕ್ಕಿದ್ದು ಚಲೋ ಆತ್ರಿ, ಟ್ರೀಟ್ಮೆಂಟ್ ಆತಲ್ಲ” ಅಂದರು. ನಾನು ಬಿಲ್ಲಿನ ಮೇಲೆ ಬೆರಳಿಟ್ಟು ಹಾಗೇ ನಿಂತಿದ್ದೆ. ಅವರು ಗಂಟೆ ಒತ್ತಿ ಕೌಂಟರಿನ ಹುಡುಗಿಯನ್ನು ಕರೆದು, “ಇವರಿಗೆ ಆ ಐದುನೂರು ವಾಪಸ ಕೊಟ್ಟು ಕಳಸು” ಅಂದರು.

“ರೊಕ್ಕ ವಾಪಸ ಬ್ಯಾಡ್ರಿ. ಹೇಳಿಲ್ಲ ಅಂತ ಒಪ್ಪಿಕೋರಿ” ಅಂದೆ.

ಆಗ ಅವರ ದನಿ ಬದಲಾಯಿತು. ಕಾಗದವನ್ನು ಅಣ್ಣನ ಕಡೆ ತಿರುಗಿಸಿ, “ಇದು ನಿಮ್ಮ ಸಹಿ ಹೌದಲ್ಲ ಯಜಮಾನ್ರ? ಓದಿ ಸಹಿ ಮಾಡಬೇಕು ಅನ್ನೂದು ಗೊತ್ತಿಲ್ಲೇನ್ರಿ ನಿಮಗ?” ಎಂದು ಕೇಳಿದರು.

ಅಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಡಾಕ್ಟರರ ಮುಂದೆ ಅವನು ಎದುರು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿದವಳಲ್ಲ. ಅವನು ಆ ಕಾಗದವನ್ನು ನೋಡಿದ, ಆಮೇಲೆ ಅವರ ಮುಖವನ್ನು ನೇರವಾಗಿ ನೋಡಿದ.

“ಇಂಗ್ಲೀಷ ಓದಾಕ ಬರೂದಿಲ್ರಿ ಸಾಹೇಬ್ರ ನನಗ” ಅಂದ. “ಕಿವಿ ಕೇಳತಾವು. ಹೇಳಿದ್ರ ಕೇಳತಿದ್ದೆ.”